ಐದು ಕಿಲೋವ್ಯಾಟ್‌ನ ಊರು: ಎಗ್ ದ್ವೀಪ ವಿದ್ಯುತ್ತನ್ನು ಹಂಚಿಕೊಂಡ ಬಗೆ

ಸ್ಕಾಟ್ಲೆಂಡಿನ ಎಗ್ ದ್ವೀಪದಲ್ಲಿ ಯಾವ ಮನೆಯೂ ಒಂದೇ ಹೊತ್ತಿಗೆ 5 ಕಿಲೋವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ. ವ್ಯಾಪಾರ, ವ್ಯವಹಾರದ ಕಟ್ಟಡಗಳಿಗೆ ಮಿತಿ 10 ಕಿಲೋವ್ಯಾಟ್. ಮನೆ ದೊಡ್ಡದಿರಲಿ ಚಿಕ್ಕದಿರಲಿ, ಒಬ್ಬರೇ ಇರಲಿ ಆರು ಜನ ಇರಲಿ, ಮಿತಿ ಒಂದೇ. ಅದನ್ನು ದಾಟಿದರೆ ಆ ಒಂದು ಮನೆಯ ಕರೆಂಟು ಹೋಗುತ್ತದೆ, ಊರಿನದು ಹೋಗುವುದಿಲ್ಲ. ಮತ್ತೆ ಬರಬೇಕಾದರೆ ಊರಿನವರೇ ಆದ ನಿರ್ವಹಣಾ ತಂಡಕ್ಕೆ ತಿಳಿಸಿ, ಶುಲ್ಕ ಕೊಟ್ಟು ಹಾಕಿಸಿಕೊಳ್ಳಬೇಕು.

ಈ ನಿಯಮವನ್ನು ಮೊದಲ ಸಲ ಓದಿದಾಗ ನನಗೆ ಅದು ಕಟ್ಟುನಿಟ್ಟಾಗಿ ಕಂಡಿತು. ಈಗ ಹಾಗೆ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಐದು ಕಟ್ಟಡಗಳ ಒಂದು ವಸತಿ ಸಮುಚ್ಚಯದಲ್ಲಿ ವಾಸಿಸುವವನು ನಾನು. ಅದರ ನಿರ್ವಹಣಾ ಸಮಿತಿಯಲ್ಲಿ ವಿದ್ಯುತ್ತಿನ ಹೊಣೆ ನನ್ನದು. ಒಂದು ಟ್ರಾನ್ಸ್‌ಫಾರ್ಮರ್ ಅಂಗಳ, ಒಂದು ಡೀಸೆಲ್ ಜನರೇಟರ್, ಐದು ಕಟ್ಟಡಗಳಿಗೆ ಹರಿದುಹೋಗುವ ಕೇಬಲ್‌ಗಳು: ಗೇಟಿನ ಒಳಗೆ ನಮ್ಮದೂ ಒಂದು ಪುಟ್ಟ ವಿತರಣಾ ಜಾಲವೇ. ಅದನ್ನು ಹಂಚಿಕೊಳ್ಳುವುದು ಹೇಗೆ ಎಂದು ನಾವು ವರ್ಷಗಟ್ಟಲೆ ಜಗಳವಾಡಿದ್ದೇವೆ. ಅದೇ ಪ್ರಶ್ನೆಗೆ ಈ ದ್ವೀಪ ಉತ್ತರ ಕಂಡುಕೊಂಡು 2008ರಿಂದ ಅದರಂತೆ ನಡೆದುಕೊಂಡು ಬಂದಿದೆ. ಆ ಉತ್ತರವನ್ನು ತಂತಿ, ಯಂತ್ರ, ಮನುಷ್ಯರ ಸಮೇತ ಇಲ್ಲಿ ಬಿಡಿಸಿ ಹೇಳುತ್ತೇನೆ.

ದೊರೆಯಿಂದ ಊರಿಗೆ

ಎಗ್ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಸ್ಕೈ ದ್ವೀಪದ ದಕ್ಷಿಣಕ್ಕಿದೆ. ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಐದು ಕಿಲೋಮೀಟರ್ ಅಗಲ. ದಕ್ಷಿಣ ಭಾಗದಲ್ಲಿ ಆನ್ ಸ್ಗೂರ್ ಎಂಬ 393 ಮೀಟರ್ ಎತ್ತರದ ಬಂಡೆಗುಡ್ಡ ಗೋಡೆಯಂತೆ ನಿಂತಿದೆ. ಮುಖ್ಯಭೂಮಿಯ ಮ್ಯಾಲೆಗ್ ಬಂದರಿನಿಂದ ಹಡಗು ಬರುತ್ತದೆ. ಸಮುದ್ರ ಕೆರಳಿದ ದಿನ ಬರುವುದಿಲ್ಲ.

ಈ ದ್ವೀಪ ಬಹಳ ಕಾಲ ಒಬ್ಬೊಬ್ಬ ಒಡೆಯನ ಆಸ್ತಿಯಾಗಿ ಕೈಯಿಂದ ಕೈಗೆ ಮಾರಾಟವಾಗುತ್ತ ಬಂತು. 19ನೆಯ ಶತಮಾನದಲ್ಲಿ ಕುರಿ ಮೇಯಿಸುವುದಕ್ಕಾಗಿ ಗ್ರೂಲಿನ್ ಎಂಬ ಇಡೀ ಹಳ್ಳಿಯನ್ನು ಒಕ್ಕಲೆಬ್ಬಿಸಿದರು. ಅದರ ಮನೆಗಳ ಕಲ್ಲುಗೋಡೆಗಳು ಇಂದಿಗೂ ಹುಲ್ಲಿನ ನಡುವೆ ಉಳಿದಿವೆ. 20ನೆಯ ಶತಮಾನದ ಕೊನೆಗೂ ಊರಿನವರಿಗೆ ತಾವು ಕೂತ ನೆಲದ ಮೇಲೆ ಭದ್ರವಾದ ಹಕ್ಕಿರಲಿಲ್ಲ. ನೆಲ ತಮ್ಮದಲ್ಲ ಎಂದಾಗ ಅದರೊಳಗೆ ಕೇಬಲ್ ಹೂಳುವ ಯೋಚನೆಯನ್ನು ಯಾರು ಮಾಡುತ್ತಾರೆ? ಹಾಗಾಗಿ ಈ ವಿದ್ಯುತ್ತಿನ ಕಥೆ ಭೂಮಿಯ ಕಥೆಯಿಂದಲೇ ಶುರುವಾಗಬೇಕು. 1997ರ ಜೂನ್ 12ರಂದು ನಿವಾಸಿಗಳು, ಅಲ್ಲಿನ ಸ್ಥಳೀಯ ಆಡಳಿತವಾದ ಹೈಲ್ಯಾಂಡ್ ಕೌನ್ಸಿಲ್ ಮತ್ತು ಸ್ಕಾಟಿಷ್ ವನ್ಯಜೀವಿ ಟ್ರಸ್ಟ್ ಸೇರಿ ಕಟ್ಟಿದ ಐಲ್ ಆಫ್ ಎಗ್ ಹೆರಿಟೇಜ್ ಟ್ರಸ್ಟ್ ದ್ವೀಪವನ್ನು ಕೊಂಡುಕೊಂಡಿತು. ಬೆಲೆ ಸುಮಾರು 15 ಲಕ್ಷ ಪೌಂಡ್. ಹೆಚ್ಚಿನ ಹಣ ದೇಣಿಗೆಯಿಂದ ಬಂತು. ಆಗ ಊರಿನಲ್ಲಿದ್ದವರು ಅರವತ್ತೈದು ಜನರ ಆಸುಪಾಸು.

ಆಗ ಅವರಿಗಿದ್ದ ಕರೆಂಟು ಎಂದರೆ ಮನೆಮನೆಯ ಡೀಸೆಲ್ ಜನರೇಟರ್. ದಿನಕ್ಕೆ ಕೆಲವು ಗಂಟೆ ಓಡಿಸುವುದು, ಆಮೇಲೆ ನಿಲ್ಲಿಸುವುದು. ಹಡಗಿನಲ್ಲಿ ಬಂದ ಡೀಸೆಲ್ಲನ್ನು ಕ್ಯಾನುಗಳಲ್ಲಿ ಹೊತ್ತು ತರಬೇಕು. ಕೆಲವೇ ಮನೆಗಳು ಪಕ್ಕದ ತೊರೆಗೆ ಸಣ್ಣ ಟರ್ಬೈನು ಕಟ್ಟಿಕೊಂಡಿದ್ದವು. ಮಲೆನಾಡಿನ ಒಂಟಿಮನೆಗಳವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ಎಷ್ಟೋ ತೋಟದ ಮನೆಗಳು ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಒಂದು ಕಿಲೋವ್ಯಾಟಿನಷ್ಟು ಬೆಳಕು ಮಾಡಿಕೊಂಡು ಬದುಕಿವೆ. ಎಗ್‌ನವರು ಆ ಹಂತದಿಂದ ಮುಂದಕ್ಕೆ ಹೋದರು. ಒಂದೊಂದು ಮನೆಯ ಜನರೇಟರನ್ನು ಬಿಟ್ಟು ಇಡೀ ಊರಿಗೆ ಒಂದೇ ಜಾಲ ಮಾಡಿಕೊಂಡರು. ಮುಖ್ಯಭೂಮಿಯಿಂದ ಸಮುದ್ರದಡಿ ಕೇಬಲ್ ಎಳೆಯುವ ಖರ್ಚು ಕೈಗೆಟುಕುವಂತಿರಲಿಲ್ಲ. ಎಂದಮೇಲೆ ಜಾಲ ದ್ವೀಪದೊಳಗೇ ಹುಟ್ಟಿ, ದ್ವೀಪದೊಳಗೇ ಮುಗಿಯಬೇಕಿತ್ತು.

2008ರ ಫೆಬ್ರುವರಿ 1ರಂದು ಅದು ಚಾಲೂ ಆಯಿತು. ಒಟ್ಟು ವೆಚ್ಚ ಸುಮಾರು 16 ಲಕ್ಷ ಪೌಂಡ್, ಆಗಿನ ಲೆಕ್ಕದಲ್ಲಿ ಹನ್ನೆರಡು ಕೋಟಿ ರೂಪಾಯಿಗಿಂತ ತುಸು ಹೆಚ್ಚು. ಯುರೋಪಿನ ಪ್ರಾದೇಶಿಕ ಅಭಿವೃದ್ಧಿ ನಿಧಿ ಮತ್ತು ಬ್ರಿಟನ್ನಿನ ಲಾಟರಿ ನಿಧಿಯಂಥ ಮೂಲಗಳಿಂದ ಬಹುಪಾಲು ಹಣ ಬಂತು. ಊರಿನವರೂ ತಮ್ಮ ಪಾಲು ಹಾಕಿದರು. ನಡೆಸುವುದು ಎಗ್ ಎಲೆಕ್ಟ್ರಿಕ್ ಎಂಬ ಕಂಪನಿ. ಅದರ ಒಡೆತನ ಪೂರ್ತಿಯಾಗಿ ಟ್ರಸ್ಟಿನದು.

ಮಳೆ, ಗಾಳಿ, ಬಿಸಿಲು

ಜಾಲದ ಬೆನ್ನೆಲುಬು ಲೇಗ್ ಬಳಿಯ 100 ಕಿಲೋವ್ಯಾಟ್‌ನ ಜಲವಿದ್ಯುತ್ ಘಟಕ. ಇದಕ್ಕೆ ಅಣೆಕಟ್ಟಿನ ಜಲಾಶಯವಿಲ್ಲ. ತೊರೆಯಲ್ಲಿ ಹರಿದಷ್ಟು ನೀರು, ನೀರಿದ್ದಷ್ಟು ವಿದ್ಯುತ್. ಇದರ ಜೊತೆಗೆ ಐದಾರು ಕಿಲೋವ್ಯಾಟ್‌ನ ಇನ್ನೆರಡು ಚಿಕ್ಕ ಜಲಘಟಕಗಳಿವೆ. ಆನ್ ಸ್ಗೂರ್ ಗುಡ್ಡದ ಕೆಳಗೆ ತಲಾ 6 ಕಿಲೋವ್ಯಾಟ್‌ನ ನಾಲ್ಕು ಗಾಳಿಯಂತ್ರಗಳು ನಿಂತಿವೆ. ಸೌರಫಲಕಗಳು ಮೊದಲಿಗೆ ಹತ್ತು ಕಿಲೋವ್ಯಾಟಿನಷ್ಟು ಮಾತ್ರ ಇದ್ದವು. ಇವೆಲ್ಲ ಕೈಕೊಟ್ಟ ದಿನಕ್ಕೆಂದು ಎರಡು ಡೀಸೆಲ್ ಜನರೇಟರ್‌ಗಳು. ಉತ್ಪಾದನೆಯ ಜಾಗಗಳನ್ನೂ ಮನೆಗಳನ್ನೂ ಜೋಡಿಸುವುದು ನೆಲದಡಿ ಹೂತ ಸುಮಾರು 11 ಕಿಲೋಮೀಟರ್ ಉದ್ದದ ಹೈ ವೋಲ್ಟೇಜ್ ಕೇಬಲ್. ಚಳಿಗಾಲದ ಬಿರುಗಾಳಿಗೆ ಕಂಬಗಳು ನಿಲ್ಲುವ ಊರಲ್ಲ ಅದು. ಹೂಳುವುದು ದುಬಾರಿಯಾದರೂ ಹೂತರು.

ಮೂರೂ ಮೂಲಗಳನ್ನು ಬೆರೆಸಿದ್ದರಲ್ಲಿ ಜಾಣತನವಿದೆ. ಎಗ್ ಸೇರಿದ ಹೆಬ್ರಿಡೀಸ್ ದ್ವೀಪಸಮೂಹದಲ್ಲಿ ಚಳಿಗಾಲ ಎಂದರೆ ಮಳೆ ಮತ್ತು ಗಾಳಿ, ಹಗಲು ತೀರ ಗಿಡ್ಡ. ಬೇಸಿಗೆಯಲ್ಲಿ ತೊರೆ ಸೊರಗುತ್ತದೆ, ಆದರೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಒಂದು ಸೋತಾಗ ಇನ್ನೊಂದು ಆಡುತ್ತದೆ. ಮಳೆಗಾಲದಲ್ಲೇ ಬಿಸಿಲೂ ಹೋಗಿ, ಬೇಸಿಗೆಯಲ್ಲಿ ಹಳ್ಳವೂ ಬತ್ತುವ ನಮ್ಮ ಘಟ್ಟಗಳಲ್ಲೂ ಇದೇ ಲೆಕ್ಕ ಕೂಡುತ್ತದೆ. ಆದರೆ ಒಂದೊಂದೇ ಮನೆಗೆ ಎರಡೆರಡು ವ್ಯವಸ್ಥೆ ಹೊರೆಯಾಗುತ್ತದೆ. ನಲವತ್ತು ಮನೆ ಸೇರಿದಾಗ ಅದು ಗಿಟ್ಟುತ್ತದೆ.

ಈ ಮೂಲಗಳಿಗೂ ಮನೆಗಳಿಗೂ ನಡುವೆ ಇರುವುದು ಬ್ಯಾಟರಿ ಕೋಣೆ. 48 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿಗಳ ಸಾಲುಗಳು ಮತ್ತು ತಲಾ 5 ಕಿಲೋವ್ಯಾಟ್‌ನ ಹನ್ನೆರಡು ಇನ್ವರ್ಟರ್‌ಗಳು. ಮೂರು ಫೇಸ್‌ಗೆ ಒಂದೊಂದರಂತೆ ಮೂರರ ಗುಂಪು, ಅಂಥ ನಾಲ್ಕು ಗುಂಪು. ಒಂದು ಗುಂಪು ಕೆಟ್ಟರೂ ಉಳಿದವು ಊರನ್ನು ಹೊರುತ್ತವೆ. ಉತ್ಪಾದನೆ ತಗ್ಗಿದರೆ ಬ್ಯಾಟರಿಯೇ ಸುಮಾರು ಒಂದು ದಿನ ಊರನ್ನು ನಡೆಸಬಲ್ಲದು.

ಈ ಕೋಣೆಯ ಕೆಲಸವೊಂದನ್ನು ಹತ್ತಿರದಿಂದ ನೋಡಬೇಕು. ಬ್ಯಾಟರಿ ತುಂಬಿದೆ, ಗಾಳಿ ಜೋರಾಗಿದೆ, ರಾತ್ರಿ ಎರಡು ಗಂಟೆ, ಊರು ಮಲಗಿದೆ. ಹೆಚ್ಚುವರಿ ವಿದ್ಯುತ್ ಹೋಗುವುದೆಲ್ಲಿಗೆ? ಗುಡ್ಡದ ಬುಡದಲ್ಲಿರುವ ಗಾಳಿಯಂತ್ರಕ್ಕೆ ‘ಸಾಕು’ ಎಂದು ಹೇಳುವವರು ಯಾರು? ಅದಕ್ಕೆಂದೇ ಬೇರೆ ತಂತಿ, ಬೇರೆ ಸಿಗ್ನಲ್ ಬೇಕಿಲ್ಲ. ಬ್ಯಾಟರಿ ಕೋಣೆಯ ಇನ್ವರ್ಟರ್‌ಗಳು ಜಾಲದ ಆವರ್ತನವನ್ನು, ಅಂದರೆ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ತೂಗುತ್ತದೆ ಎಂಬ ವೇಗವನ್ನು, 50 ಹರ್ಟ್ಸ್‌ನಿಂದ ತುಸು ಮೇಲಕ್ಕೆ ಎತ್ತುತ್ತವೆ. ತೇರಿನ ಹಗ್ಗ ಹಿಡಿದವರಂತೆ ಜಾಲದ ಪ್ರತಿಯೊಂದು ಯಂತ್ರಕ್ಕೂ ಆ ವೇಗದ ವ್ಯತ್ಯಾಸ ತಂತಾನೇ ಕೈಗೆ ತಿಳಿಯುತ್ತದೆ. ಆವರ್ತನ ಏರಿತೆಂದರೆ ಗಾಳಿ ಮತ್ತು ಬಿಸಿಲಿನ ಇನ್ವರ್ಟರ್‌ಗಳು ಹಂತಹಂತವಾಗಿ ಎಳೆತ ಸಡಿಲಿಸುತ್ತವೆ. ವಿದ್ಯುತ್ತನ್ನು ಹೊರುವ ತಂತಿಯೇ ಸುದ್ದಿಯನ್ನೂ ಹೊರುತ್ತದೆ. ಹನ್ನೊಂದು ಕಿಲೋಮೀಟರ್ ಉದ್ದಕ್ಕೂ ಹರಡಿಕೊಂಡ ಯಂತ್ರಗಳು ಯಾರ ಅಪ್ಪಣೆಗೂ ಕಾಯದೆ ಹೆಜ್ಜೆ ಕೂಡಿಸುತ್ತವೆ. ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ನನಗೆ ತೀರ ಪ್ರಿಯವಾದ ಸಂಗತಿಗಳಲ್ಲಿ ಇದೊಂದು.

ಎಗ್‌ನವರು ಆ ಹೆಚ್ಚುವರಿಯನ್ನು ಸುಮ್ಮನೆ ಕಳೆಯಲೂ ಇಲ್ಲ. ಸಮುದಾಯ ಭವನ, ಚರ್ಚುಗಳು, ಹಡಗುಕಟ್ಟೆಯ ಕಟ್ಟಡದಂಥ ಸಾರ್ವಜನಿಕ ಜಾಗಗಳಲ್ಲಿ ಹೀಟರ್‌ಗಳನ್ನು ಹಾಕಿದರು. ಬ್ಯಾಟರಿ ತುಂಬಿ ವಿದ್ಯುತ್ ಉಕ್ಕಿದಾಗ ಅದು ಅಲ್ಲಿಗೆ ಹರಿದು ಶಾಖವಾಗುತ್ತದೆ. ಬಿರುಗಾಳಿಯ ವಾರದಲ್ಲಿ ಊರಿನ ಭವನ ಬೆಚ್ಚಗಿರುತ್ತದೆ. ಹೆಚ್ಚಾದದ್ದು ಯಾವ ಮನೆಯ ಖಾತೆಗೂ ಹೋಗದೆ ಎಲ್ಲರೂ ಕೂಡುವ ಜಾಗಕ್ಕೆ ಹೋಗುವಂತೆ ಏರ್ಪಡಿಸಿದವರ ಬಗ್ಗೆ ನನಗೆ ಗೌರವವಿದೆ.

ತಿಂಗಳ ಲೆಕ್ಕವಲ್ಲ, ಆ ಕ್ಷಣದ ಲೆಕ್ಕ

ಈಗ ಆ ಐದು ಕಿಲೋವ್ಯಾಟ್‌ಗೆ ಬರೋಣ. ಪ್ರಕರಣದ ತಿರುಳು ಇರುವುದು ಇಲ್ಲೇ.

ಹಂಚಿಕೆ ಎಂದ ಕೂಡಲೇ ನಮ್ಮ ತಲೆ ಯೂನಿಟ್ ಕಡೆಗೆ ಓಡುತ್ತದೆ. ತಿಂಗಳಿಗೆ ಇಷ್ಟು ಯೂನಿಟ್, ಅದಕ್ಕಿಂತ ಹೆಚ್ಚು ಬಳಸಿದವರಿಗೆ ಹೆಚ್ಚು ದರ. ಆದರೆ ಚಿಕ್ಕ ಜಾಲವನ್ನು ಕೆಡವುವುದು ತಿಂಗಳ ಯೂನಿಟ್ ಅಲ್ಲ. ಒಂದು ಸಂಜೆ ಏಳೂ ಕಾಲಿಗೆ ಎಲ್ಲರೂ ಒಟ್ಟಿಗೆ ಎಳೆಯುವ ಹೊರೆ ಅದನ್ನು ಕೆಡವುತ್ತದೆ. ಮದುವೆ ಮನೆಯಲ್ಲಿ ಐನೂರು ಜನರಿಗೆ ಅಡುಗೆಯಾಗಿರುತ್ತದೆ, ಪಂಕ್ತಿಯಲ್ಲಿ ಜಾಗ ನೂರಕ್ಕೆ ಮಾತ್ರ. ಊಟ ಸಾಲದೆ ಹೋಗುವುದಿಲ್ಲ; ಐನೂರೂ ಜನ ಮೊದಲ ಪಂಕ್ತಿಗೇ ನುಗ್ಗಿದರೆ ಮಾತ್ರ ಚಪ್ಪರ ಬೀಳುತ್ತದೆ. ಎಗ್‌ನವರು ಮಿತಿ ಹಾಕಿದ್ದು ಊಟಕ್ಕಲ್ಲ, ಪಂಕ್ತಿಗೆ. ತಿಂಗಳಿಗೆ ಎಷ್ಟು ಯೂನಿಟ್ ಬೇಕಾದರೂ ಬಳಸಬಹುದು, ಹಣ ಕೊಟ್ಟರಾಯಿತು. ಒಂದೇ ಕ್ಷಣದಲ್ಲಿ ಐದು ಕಿಲೋವ್ಯಾಟ್ ದಾಟಬಾರದು, ಅಷ್ಟೇ.

ಐದು ಕಿಲೋವ್ಯಾಟ್ ಎಂದರೆ ಅಡುಗೆಮನೆಯಲ್ಲಿ ಏನು? ಬ್ರಿಟನ್ನಿನ ವಿದ್ಯುತ್ ಕೆಟಲ್ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಬಟ್ಟೆ ಒಗೆಯುವ ಯಂತ್ರ ನೀರು ಕಾಯಿಸುವಾಗ ಸುಮಾರು 2 ಕಿಲೋವ್ಯಾಟ್. ಎರಡೂ ಒಟ್ಟಿಗೆ ನಡೆಯುತ್ತಿರುವಾಗ ಟೋಸ್ಟರ್ ಒತ್ತಿದರೆ ಮಿತಿ ದಾಟಿತು. ಆದ್ದರಿಂದ ಬಟ್ಟೆ ಯಂತ್ರ ನೀರು ಕಾಯಿಸಿ ಮುಗಿಸಲಿ ಎಂದು ಒಂದಷ್ಟು ಹೊತ್ತು ಕಾಯಬೇಕು, ಆಮೇಲೆ ಚಹಾಕ್ಕೆ ಇಡಬೇಕು. ಬ್ರಿಟನ್ನಿನ ಮನೆಗಳಲ್ಲಿ ಸಾಮಾನ್ಯವಾಗಿರುವ, ಎಂಟು ಒಂಬತ್ತು ಕಿಲೋವ್ಯಾಟ್ ನುಂಗುವ ದಿಢೀರ್ ಬಿಸಿನೀರಿನ ಶವರ್ ಇಲ್ಲಿ ನಡೆಯದು. ಮನೆ ಬೆಚ್ಚಗಿಡಲು ಕಟ್ಟಿಗೆ ಒಲೆ ಇದ್ದೇ ಇದೆ. ಬೆಂಗಳೂರಿನ ಲೆಕ್ಕಕ್ಕೆ ತಂದರೆ ಒಂದು ಗೀಸರ್, ಒಂದು ಏಸಿ, ಮೇಲೊಂದು ಇಸ್ತ್ರಿಪೆಟ್ಟಿಗೆ: ಇವಿಷ್ಟು ಒಟ್ಟಿಗೆ ನಡೆದೂ ಐದರೊಳಗೇ ಇರುತ್ತವೆ. ಇದು ಬಡತನದ ಮಿತಿಯಲ್ಲ.

ಮಿತಿ ಹಾಕಿದರೆ ಸಾಲದು, ಅದು ಕಣ್ಣಿಗೆ ಕಾಣಬೇಕು. ಎಗ್‌ನ ಮನೆಗಳಿಗೆ ಒಂದು ಪುಟ್ಟ ಪರದೆಯ ಸಾಧನ ಕೊಟ್ಟರು. ಈ ಕ್ಷಣಕ್ಕೆ ಎಷ್ಟು ಕಿಲೋವ್ಯಾಟ್ ಎಳೆಯುತ್ತಿದ್ದೀರಿ ಎಂದು ಅದು ತೋರಿಸುತ್ತದೆ. ಕೆಟಲ್ ಒತ್ತಿದರೆ ಅಂಕಿ ಜಿಗಿಯುವುದನ್ನು ಮಕ್ಕಳೂ ನೋಡುತ್ತಾರೆ. ಇದರ ಬೆಲೆ ನನಗೆ ಅನುಭವದಿಂದ ಗೊತ್ತು. ನಮ್ಮಲ್ಲಿ ಪ್ರತಿ ಮನೆಗೂ ಮಂಜೂರಾದ ಲೋಡ್ ಎಂಬುದಿದೆ. ಅದರ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತೇವೆ. ಬಿಲ್ಲಿನಲ್ಲಿ ಆ ಅಂಕಿ ಅಚ್ಚಾಗಿರುತ್ತದೆ. ನಮ್ಮ ಸಮುಚ್ಚಯದ ಸಭೆಯೊಂದರಲ್ಲಿ ನಿಮ್ಮ ಮನೆಯ ಮಂಜೂರಾದ ಲೋಡ್ ಎಷ್ಟು ಎಂದು ಕೇಳಿದಾಗ ಕೈ ಎತ್ತಿ ಹೇಳಿದವರು ಇಬ್ಬರು. ದುಡ್ಡು ಕೊಟ್ಟು ಕೊಂಡ ಪಾಲಿನ ಅಳತೆಯೇ ಗೊತ್ತಿಲ್ಲದವರಿಗೆ ಹಂಚಿಕೊಂಡು ಬಳಸಿ ಎಂದರೆ ಹೇಗೆ ಬಳಸುತ್ತಾರೆ?

ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು. ಸುಮಾರು ನಲವತ್ತು ಮನೆಗಳಿಗೆ ತಲಾ ಐದು ಎಂದರೇ 200 ಕಿಲೋವ್ಯಾಟ್. ವ್ಯವಹಾರಗಳದು ಬೇರೆ. ಇನ್ವರ್ಟರ್‌ಗಳ ಒಟ್ಟು ಶಕ್ತಿ 60 ಕಿಲೋವ್ಯಾಟ್. ಎಲ್ಲರೂ ತಮ್ಮ ಮಿತಿಯನ್ನು ಒಂದೇ ಕ್ಷಣದಲ್ಲಿ ಪೂರ್ತಿ ಬಳಸಿದರೆ ಜಾಲ ನಿಲ್ಲದು. ಆದರೆ ನಲವತ್ತು ಕೆಟಲ್‌ಗಳು ಒಂದೇ ನಿಮಿಷದಲ್ಲಿ ಕುದಿಯುವುದಿಲ್ಲ. ಒಬ್ಬರು ಬೆಳಿಗ್ಗೆ ಆರಕ್ಕೆ ಎದ್ದು ಕುರಿ ನೋಡಲು ಹೋಗುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ ಏಳುತ್ತಾರೆ. ಎಂಜಿನಿಯರುಗಳು ಇದನ್ನು ವೈವಿಧ್ಯದ ಗುಣಾಂಕ ಎನ್ನುತ್ತಾರೆ. ಹಂಚಿಕೆಯ ಎಲ್ಲ ಲಾಭ ಅಡಗಿರುವುದು ಇಲ್ಲೇ: ಪ್ರತಿ ಮನೆಯೂ ತನ್ನ ಪರಮಾವಧಿ ಅಗತ್ಯಕ್ಕೆ ತಾನೇ ಜನರೇಟರ್ ಇಟ್ಟುಕೊಂಡರೆ ನಲವತ್ತು ದೊಡ್ಡ ಯಂತ್ರ ಬೇಕು. ಕೂಡಿ ಬಳಸಿದರೆ ಅದರ ಒಂದು ಪಾಲು ಸಾಕು. ಕೂಡಿಕೆ ಮುರಿಯದಂತೆ ಐದು ಕಿಲೋವ್ಯಾಟ್‌ನ ಮಿತಿ ಕಾಯುತ್ತದೆ. ಯಾರೊಬ್ಬರ ಆಸೆಯೂ ಊರಿನ ಸರಾಸರಿಯನ್ನು ಕದಲಿಸುವಷ್ಟು ಬೆಳೆಯುವಂತಿಲ್ಲ.

ಕೆಂಪು ದಿನ, ಹಸಿರು ದಿನ

ಮಿತಿ ಒಂದು ಕ್ಷಣದ ಹೊರೆಯನ್ನು ಕಾಯುತ್ತದೆ. ಮೂರು ವಾರ ಮಳೆಯೇ ಬಾರದಿದ್ದರೆ? ಅದಕ್ಕೆ ಎಗ್‌ನವರು ಮಾಡಿಕೊಂಡದ್ದು ಟ್ರಾಫಿಕ್ ದೀಪದಂಥ ಸರಳ ಏರ್ಪಾಡು. ಹಸಿರು ಎಂದರೆ ಎಂದಿನಂತೆ ಬಳಸಿ. ಕೆಂಪು ಎಂದರೆ ಮಳೆ, ಗಾಳಿ ಕಡಿಮೆಯಾಗಿದೆ, ಡೀಸೆಲ್ ಓಡಬೇಕಾಗುತ್ತದೆ, ದಯವಿಟ್ಟು ಬಳಕೆ ತಗ್ಗಿಸಿ. ಇದಕ್ಕೆ ದಂಡವಿಲ್ಲ, ಯಂತ್ರದ ತಡೆಯೂ ಇಲ್ಲ. ನೆರೆಹೊರೆಯವರು ಒಬ್ಬರಿಗೊಬ್ಬರು ಮಾಡಿಕೊಂಡ ವಿನಂತಿ ಅದು. ಕೆಂಪು ದಿನಗಳಲ್ಲಿ ಬಳಕೆ ಶೇ 20ರವರೆಗೂ ಇಳಿಯುತ್ತದೆ ಎಂದು ಅಲ್ಲಿನವರ ಲೆಕ್ಕ.

2010ರಲ್ಲಿ ಇದು ಪರೀಕ್ಷೆಗೆ ಬಂತು. ಆ ವರ್ಷದ ಜನವರಿಯಲ್ಲಿ ಇಂಗಾಲದ ಹೊರಸೂಸುವಿಕೆ ತಗ್ಗಿಸುವ ಸಮುದಾಯಗಳಿಗೆಂದು ನಡೆದ ಬ್ರಿಟನ್ನಿನ ಬಿಗ್ ಗ್ರೀನ್ ಚಾಲೆಂಜ್ ಸ್ಪರ್ಧೆಯಲ್ಲಿ ಎಗ್ ಗೆದ್ದವರಲ್ಲೊಂದಾಗಿ 3 ಲಕ್ಷ ಪೌಂಡ್ ಪಡೆದಿತ್ತು. ಕೆಲವೇ ತಿಂಗಳಲ್ಲಿ ಬಿಸಿಲು ಬಿದ್ದು, ಗಾಳಿ ನಿಂತು, ತೊರೆ ಇಳಿದು, ನಿವಾಸಿಗಳಿಗೆ ಬಳಕೆ ತಗ್ಗಿಸಿ ಎಂದು ಹೇಳಬೇಕಾಯಿತು. ಹಸಿರು ದ್ವೀಪದಲ್ಲಿ ಕರೆಂಟಿಗೆ ಬರ ಎಂದು ಬ್ರಿಟಿಷ್ ಪತ್ರಿಕೆಗಳು ಬರೆದವು. ಎಗ್‌ನವರು ಅದನ್ನು ಸೋಲು ಎಂದುಕೊಳ್ಳದೆ ಅಳತೆ ಎಂದುಕೊಂಡರು. ತಮ್ಮ ಜಾಲದ ದುರ್ಬಲ ತಿಂಗಳು ಯಾವುದೆಂದು ಗೊತ್ತಾಯಿತು, ಅದು ಬಿಸಿಲಿನ ತಿಂಗಳು. ಮುಂದಿನ ವಿಸ್ತರಣೆಯಲ್ಲಿ ಸೌರಫಲಕಗಳನ್ನು 50 ಕಿಲೋವ್ಯಾಟಿನಷ್ಟಕ್ಕೆ ಏರಿಸಿದರು. ವರ್ಷದ ಒಟ್ಟು ಲೆಕ್ಕದಲ್ಲಿ ಶೇ 90ರ ಆಸುಪಾಸು ವಿದ್ಯುತ್ ನೀರು, ಗಾಳಿ, ಬಿಸಿಲಿನಿಂದಲೇ ಬರುತ್ತದೆ.

ಡೀಸೆಲನ್ನು ಅವರು ಪೂರ್ತಿ ಬಿಡಲಿಲ್ಲ. ಆದರೆ ಅದನ್ನು ಓಡಿಸುವ ಕ್ರಮ ಗಮನಿಸುವಂಥದ್ದು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಜನರೇಟರ್ ಶುರುವಾಗುತ್ತದೆ, ಊರಿನ ಹೊರೆ ಹೊರುವುದರ ಜೊತೆಗೆ ಬ್ಯಾಟರಿಯನ್ನೂ ತುಂಬಿಸಿ ನಿಲ್ಲುತ್ತದೆ. ಅರೆಹೊಟ್ಟೆಯಲ್ಲಿ ಗಂಟೆಗಟ್ಟಲೆ ಗುರುಗುಟ್ಟುವ ಜನರೇಟರ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಒಳಗೆ ಮಸಿ ಕಟ್ಟಿಕೊಂಡು ಬೇಗ ಕೆಡುತ್ತದೆ. ತುಂಬಿದ ಹೊರೆಯಲ್ಲಿ ಸ್ವಲ್ಪ ಹೊತ್ತು ಓಡಿ ನಿಲ್ಲುವುದೇ ಅದಕ್ಕೆ ಒಳ್ಳೆಯದು. ಬೆಂಗಳೂರಿನ ಎಷ್ಟೋ ಸಮುಚ್ಚಯಗಳಲ್ಲಿ ಮಧ್ಯರಾತ್ರಿ ನಾಲ್ಕು ಮೆಟ್ಟಿಲ ದೀಪಕ್ಕಾಗಿ ದೊಡ್ಡ ಜನರೇಟರ್ ಉಸಿರುಗಟ್ಟಿ ಓಡುತ್ತಿರುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಎಗ್‌ನ ಬ್ಯಾಟರಿ ಕೋಣೆ ನೆನಪಾಗುತ್ತದೆ.

ನೀರುಗಂಟಿಗಳು

ಇಷ್ಟನ್ನೂ ಕಾಯುವವರು ಯಾರು? ಬಿರುಗಾಳಿಗೆ ಹಡಗು ನಿಂತ ವಾರ ಇನ್ವರ್ಟರ್ ಕೆಟ್ಟರೆ ಮುಖ್ಯಭೂಮಿಯಿಂದ ತಂತ್ರಜ್ಞ ಬರಲಾರ. ಆದ್ದರಿಂದ ಮೊದಲಿನಿಂದಲೂ ಊರಿನವರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ನಿರ್ವಹಣಾ ತಂಡ ಮಾಡಿದರು. ಪೂರ್ಣಾವಧಿ ನೌಕರರಲ್ಲ ಅವರು. ಬೇರೆ ಕಸುಬಿನ ಜೊತೆಗೆ ಇದನ್ನೂ ಮಾಡುವವರು. ಜಲಘಟಕದ ಬಾಯಿಗೆ ಸಿಕ್ಕಿಕೊಂಡ ಎಲೆ, ಕಡ್ಡಿ ತೆಗೆಯುವುದರಿಂದ ಹಿಡಿದು ಬ್ಯಾಟರಿಯ ಸ್ಥಿತಿ ನೋಡುವವರೆಗೆ, ಮಿತಿ ದಾಟಿ ಕತ್ತಲಾದ ಮನೆಗೆ ಕರೆಂಟು ಮರಳಿಸುವವರೆಗೆ ಅವರದೇ ಕೆಲಸ.

ನಮ್ಮ ಕೆರೆಗಳಿಗೆ ನೀರುಗಂಟಿಗಳಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಹೊಣೆ. ಬರಗಾಲದಲ್ಲಿ ಎಲ್ಲರ ಪಾಲನ್ನೂ ಒಂದೇ ಅಳತೆಯಲ್ಲಿ ತಗ್ಗಿಸುವ ಅಧಿಕಾರ ಅವರಿಗಿತ್ತು. ಊರು ಅದನ್ನು ಒಪ್ಪುತ್ತಿತ್ತು, ಏಕೆಂದರೆ ನೀರುಗಂಟಿ ಊರಿನವನೇ, ಅವನ ಮಾತು ಗೌಡನಿಗೂ ಒಕ್ಕಲಿಗೂ ಒಂದೇ ಆಗಿರಬೇಕಿತ್ತು. ಆ ಕಟ್ಟುಪಾಡು ಎಷ್ಟೋ ಕಡೆ ಜಾತಿಯ ಏಣಿಶ್ರೇಣಿಯೊಳಗೇ ನಡೆಯುತ್ತಿತ್ತು ಎಂಬುದನ್ನು ಮರೆಮಾಚಲಾರೆ. ಆದರೂ ಹಂಚಿಕೆಗೆ ಒಬ್ಬ ಮನುಷ್ಯ ಬೇಕು, ಅವನು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು ಎಂಬ ತಿಳಿವಳಿಕೆ ನಮ್ಮಲ್ಲಿತ್ತು. ಎಗ್‌ನ ತಂಡದಲ್ಲಿ ನನಗೆ ಕಾಣುವುದು ಅದೇ.

ದರದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ವರ್ಷಗಳಲ್ಲಿ ಎಗ್‌ನ ಯೂನಿಟ್ ದರ ಮುಖ್ಯಭೂಮಿಗಿಂತ ಹೆಚ್ಚೇ ಇತ್ತು. ಮನೆಯ ಜನರೇಟರಿಗೆ ಸುರಿಯುತ್ತಿದ್ದ ಡೀಸೆಲಿಗೆ ಹೋಲಿಸಿದರೆ ಅದು ಅಗ್ಗ. ಬ್ಯಾಟರಿಗಳು ಒಂದಲ್ಲ ಒಂದು ದಿನ ಸಾಯುತ್ತವೆ, ಹೊಸದಕ್ಕೆ ಹಣ ಕೂಡಿಡಬೇಕು. ಅದನ್ನು ದರದಲ್ಲೇ ಸೇರಿಸುವುದು ಸರಿಯಾದ ಕ್ರಮ.

ನಮ್ಮ ಗೇಟಿನೊಳಗೆ

ನಮ್ಮ ಸಮುಚ್ಚಯದಲ್ಲಿ ಹಿಂದೆ ನಡೆದದ್ದನ್ನು ಹೇಳುತ್ತೇನೆ. ಜನರೇಟರಿನಿಂದ ಪ್ರತಿ ಮನೆಗೂ ಒಂದು ಪಾಲು ಎಂದು ಕಟ್ಟಡ ಕಟ್ಟಿದವರೇ ನಿಗದಿ ಮಾಡಿದ್ದರು: ಚಿಕ್ಕ ಮನೆಗೆ ಅರ್ಧ ಕಿಲೋವ್ಯಾಟ್, ದೊಡ್ಡ ಮನೆಗೆ ಒಂದು. ಚದರಡಿಗೆ ತಕ್ಕ ನಿರ್ವಹಣಾ ಶುಲ್ಕ, ಶುಲ್ಕಕ್ಕೆ ತಕ್ಕ ಕರೆಂಟು ಎಂಬುದು ಅವರ ತರ್ಕ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಅರ್ಧ ಕಿಲೋವ್ಯಾಟಿನಲ್ಲಿ ಫ್ರಿಜ್ಜು, ಫ್ಯಾನು, ದೀಪ ನಡೆಯುವಾಗ ಮಿಕ್ಸಿ ಹಾಕಿದರೆ ಕತ್ತಲು. ಒಬ್ಬರಾದ ಮೇಲೆ ಒಬ್ಬರು ಎಲೆಕ್ಟ್ರಿಷಿಯನ್ನನ್ನು ಕರೆಸಿ ಮಿತಿಯ ಸ್ವಿಚ್ಚನ್ನು ಬೈಪಾಸ್ ಮಾಡಿಸಿಕೊಂಡರು.

ಒಂದು ಮೇ ತಿಂಗಳ ಸಂಜೆ ಗುಡುಗುಮಳೆಗೆ ಕರೆಂಟು ಹೋಯಿತು. ಜನರೇಟರ್ ಎದ್ದಿತು, ನಾಲ್ಕು ನಿಮಿಷ ಓಡಿತು, ಹೊರೆ ತಾಳದೆ ಬಿತ್ತು. ಎರಡನೆಯ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಇಪ್ಪತ್ತು ನಿಮಿಷ ಕತ್ತಲಲ್ಲಿ ನಿಂತಿದ್ದರು. ಲಿಫ್ಟಿನ ಬಾಗಿಲನ್ನು ಕೀಲಿಯಿಂದ ತೆರೆದಾಗ ಅವರು ಬೈಯಲಿಲ್ಲ. ‘ಯಾರ ಮನೆಯಲ್ಲಿ ಏನು ಹಾಕಿದ್ದರಪ್ಪ?’ ಎಂದಷ್ಟೇ ಕೇಳಿದರು. ಉತ್ತರ ಕೊಡಲು ನಮ್ಮ ಬಳಿ ಒಂದೇ ಒಂದು ಅಂಕಿಯೂ ಇರಲಿಲ್ಲ.

ಆಮೇಲೆ ಮೂರು ತಿಂಗಳು ಕಟ್ಟಡಕ್ಕೊಂದರಂತೆ ಮೀಟರ್ ಹಾಕಿ ಹೊರೆಯನ್ನು ಬರೆದಿಟ್ಟೆವು. ಚಿಕ್ಕ ಮನೆಗೂ ದೊಡ್ಡ ಮನೆಗೂ ಒಂದೇ ಮಿತಿ, ಒಂದು ಕಿಲೋವ್ಯಾಟ್, ಎಂಬ ಪ್ರಸ್ತಾಪವನ್ನು ಸಭೆಯ ಮುಂದಿಟ್ಟೆವು. ನಾಲ್ಕು ಮಲಗುವ ಕೋಣೆಗಳ ಮನೆಯವರು ಎದ್ದುನಿಂತು, ನಾವು ಹೆಚ್ಚು ಶುಲ್ಕ ಕೊಡುತ್ತೇವಲ್ಲ ಎಂದರು. ನಾನು ಎಗ್‌ನ ಕಥೆ ಹೇಳಿದೆ. ಕರೆಂಟು ಹೋದ ಸಂಜೆ ಎಲ್ಲರಿಗೂ ಬೇಕಾಗುವುದು ಒಂದು ಫ್ರಿಜ್ಜು, ನಾಲ್ಕು ಫ್ಯಾನು, ಒಂದಿಷ್ಟು ಬೆಳಕು, ಒಂದು ಮಿಕ್ಸಿ, ಅದಕ್ಕೆ ಚದರಡಿಯ ಸಂಬಂಧವಿಲ್ಲ ಎಂದೆ. ಎರಡು ಸಭೆ ಹಿಡಿಯಿತು. ಒಪ್ಪಿಗೆ ಸಿಕ್ಕ ಮೇಲೆ ಬೈಪಾಸ್ ಮಾಡಿಸಿಕೊಂಡಿದ್ದವರೇ ಒಬ್ಬೊಬ್ಬರಾಗಿ ಬಂದು, ತಮ್ಮ ಸ್ವಿಚ್ಚನ್ನು ಸರಿಮಾಡಿಸಿ ಎಂದರು. ಪ್ರತಿ ಕಟ್ಟಡದ ಲಿಫ್ಟಿನ ಪಕ್ಕ ಒಂದು ಪರದೆ ಹಾಕಿದ್ದೇವೆ, ಆ ಕ್ಷಣದ ಹೊರೆ ಅದರಲ್ಲಿ ಕಾಣುತ್ತದೆ.

ಈಗಿನ ತಲೆನೋವು ವಿದ್ಯುತ್ ಕಾರು. ಗೋಡೆಗೆ ಹಾಕುವ ನಿಧಾನದ ಚಾರ್ಜರ್ ಕೂಡ 3.3 ಕಿಲೋವ್ಯಾಟ್ ಎಳೆಯುತ್ತದೆ. ವೇಗದ್ದಾದರೆ 7 ಕಿಲೋವ್ಯಾಟ್‌ಗೂ ಹೆಚ್ಚು, ಎಗ್‌ನಲ್ಲಿ ಒಂದು ಮನೆಗೆ ಅದಕ್ಕೆ ಅವಕಾಶವೇ ಇಲ್ಲ. ನಮ್ಮ ನೆಲಮಾಳಿಗೆಯಲ್ಲಿ ಇಂಥ ಒಂಬತ್ತು ಕಾರುಗಳಾಗಿವೆ. ಒಂಬತ್ತೂ ರಾತ್ರಿ ಎಂಟಕ್ಕೆ ಮನೆಗೆ ಬಂದು, ಎಂಟೂ ಐದಕ್ಕೆ ಪ್ಲಗ್ ಚುಚ್ಚುತ್ತವೆ. ಟ್ರಾನ್ಸ್‌ಫಾರ್ಮರ್ ಬದಲಿಸಬೇಕು ಎಂದು ಒಂದು ಅಂದಾಜು ಪತ್ರ ಬಂದಿದೆ, ಮೊತ್ತ ದೊಡ್ಡದು. ಸದ್ಯಕ್ಕೆ ಕಾವಲುಗಾರರ ಕೋಣೆಯ ಹೊರಗೆ ಒಂದು ಕಪ್ಪುಹಲಗೆ ತೂಗುಹಾಕಿದ್ದೇವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎರಡೆರಡು ಗಂಟೆಯ ನಾಲ್ಕು ಸರದಿ, ಒಂದು ಸರದಿಗೆ ಮೂರು ಕಾರು. ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಪ್ಲಗ್ ಬದಲಿಸುವುದನ್ನು ಕಾವಲುಗಾರರೇ ಒಪ್ಪಿಕೊಂಡಿದ್ದಾರೆ, ಅದಕ್ಕೆ ಅವರಿಗೆ ತಿಂಗಳಿಗೆ ಬೇರೆ ಹಣ ಕೊಡುತ್ತೇವೆ. ನಾಳೆ ಮುಂಜಾನೆ ನಾಲ್ಕರಿಂದ ಆರರ ಸರದಿಯಲ್ಲಿ ಒಂದು ಜಾಗ ಇನ್ನೂ ಖಾಲಿ ಇದೆ.